ವಾಪಸ್ ಬಂದವರ ಪೆನ್ಶನ್: ದುಡ್ಡು ಬರುತ್ತದೆ, ವರ್ಷ ಹೋಗುತ್ತದೆ

2025ರ ಅಕ್ಟೋಬರ್ 13ರಂದು ದೆಹಲಿಯಲ್ಲಿ ನೌಕರರ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ ಸಭೆ ಸೇರಿ ಒಂದಷ್ಟು ತೀರ್ಮಾನ ಮಾಡಿತು. ಅದರಲ್ಲಿ ಜನರ ಫೋನಿಗೆ ಬಂದು ಮುಟ್ಟಿದ್ದು ಮಾತ್ರ ಒಂದೇ ಸಾಲು: 'ಇನ್ಮೇಲೆ ಪಿಎಫ್ ಮೂರು ವರ್ಷ ಸಿಗಲ್ಲ.' ಪುಣೆಯಲ್ಲಿ ಈ ಸಾಲು ಸ್ವಲ್ಪ ಜಾಸ್ತಿಯೇ ಗಾಬರಿ ಹುಟ್ಟಿಸಿತು. ಕಾರಣ ಇದೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಚಾಕಣ್‌ನ ಕಾರ್ಖಾನೆಗಳಲ್ಲಿ, ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಹಿಡಿದ ಕನ್ನಡಿಗರಿಗೆ ಪುಣೆ ಕೊನೆಯ ನಿಲ್ದಾಣ ಅಲ್ಲ. ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವರು ಆ ಕಡೆ ಹೋಗುತ್ತಾರೆ, ಜಪಾನಿ ಕಲಿತವರು ಈ ಕಡೆ. ಐದಾರು ವರ್ಷ ದುಡಿದು ವಾಪಸ್ ಬರುವವರೂ ಕಡಿಮೆ ಇಲ್ಲ. 2024ರಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದ ಮೇಲೆ ಈ ಓಡಾಟ ಇನ್ನೂ ಹೆಚ್ಚುವುದೇ ಸರಿ.

ಹಾಗಾಗಿ ಇವರ ಪ್ರಶ್ನೆ ಎರಡು. ಹೊರಡುವಾಗ ಇಲ್ಲಿ ಕಟ್ಟಿದ್ದು ಏನಾಗುತ್ತದೆ? ವಾಪಸ್ ಬಂದಾಗ ಅಲ್ಲಿ ಕಟ್ಟಿದ್ದು ಏನಾಗುತ್ತದೆ? ಎರಡನ್ನೂ ಬೇರೆ ಬೇರೆ ಇಟ್ಟು ನೋಡುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಮೂರು ವರ್ಷ ಯಾವುದಕ್ಕೆ?

ಮೊದಲು ಆ ವಾಟ್ಸಾಪ್ ಸಾಲನ್ನು ಬಿಡಿಸೋಣ. ಪಿಎಫ್ ಅಂತ ನಾವು ಒಂದೇ ಮಾತಲ್ಲಿ ಹೇಳಿದರೂ ಒಳಗೆ ಇರುವುದು ಎರಡು ಡಬ್ಬಿ. ಇಪಿಎಫ್‌ಒ ಪಾಸ್‌ಬುಕ್ ತೆಗೆದು ನೋಡಿ. ಮೂರು ಕಾಲಂ ಕಾಣುತ್ತದೆ: ನೌಕರನ ಪಾಲು, ಮಾಲೀಕನ ಪಾಲು, ಕೊನೆಯಲ್ಲಿ ಪೆನ್ಶನ್ ವಂತಿಗೆ. ಮೊದಲ ಎರಡಕ್ಕೆ ವರ್ಷಕ್ಕೊಮ್ಮೆ ಬಡ್ಡಿ ಸೇರುತ್ತದೆ. ಮೂರನೆಯದರಲ್ಲಿ ತಿಂಗಳು ತಿಂಗಳು 1,250 ರೂಪಾಯಿ ಬೀಳುತ್ತಾ ಹೋಗುತ್ತದೆ. ಅದಕ್ಕೆ ಬಡ್ಡಿ ಇಲ್ಲ. ಬಡ್ಡಿ ಮರೆತುಹೋದದ್ದಲ್ಲ, ಅದು ಉಳಿತಾಯದ ಖಾತೆಯೇ ಅಲ್ಲ. 1995ರ ನೌಕರರ ಪಿಂಚಣಿ ಯೋಜನೆಗೆ ಕಟ್ಟುವ ವಂತಿಗೆ ಅದು. ಮಾಲೀಕ ಕೊಡುವ ಶೇ 12ರಲ್ಲಿ ಶೇ 8.33 ಇಲ್ಲಿಗೆ ಹೋಗುತ್ತದೆ. ಆದರೆ 15,000 ರೂಪಾಯಿ ಸಂಬಳದ ಮೇಲಷ್ಟೇ ಲೆಕ್ಕ ಹಾಕುತ್ತಾರೆ. ಹಾಗಾಗಿ 1,250.

ಅಕ್ಟೋಬರ್‌ನ ತೀರ್ಮಾನ ಹೀಗಿದೆ. ಕೆಲಸ ಬಿಟ್ಟವರು ಮೊದಲ ಡಬ್ಬಿಯ, ಅಂದರೆ ಪಿಎಫ್‌ನ, ಮುಕ್ಕಾಲು ಭಾಗವನ್ನು ತಕ್ಷಣ ತೆಗೆಯಬಹುದು. ಉಳಿದ ಕಾಲು ಭಾಗಕ್ಕೆ 12 ತಿಂಗಳು ಕಾಯಬೇಕು. ಮೊದಲು ಎರಡು ತಿಂಗಳು ಸಾಕಿತ್ತು. ದೇಶವನ್ನೇ ಶಾಶ್ವತವಾಗಿ ಬಿಟ್ಟು ಹೋಗುವವರು ಪೂರ್ತಿ ತೆಗೆಯಬಹುದು ಅಂತ ಸರ್ಕಾರ ಆಮೇಲೆ ಸ್ಪಷ್ಟನೆ ಕೊಟ್ಟಿತು. 36 ತಿಂಗಳ ಮಾತು ಬಂದದ್ದು ಎರಡನೇ ಡಬ್ಬಿಗೆ, ಅಂದರೆ ಪೆನ್ಶನ್ ಹಣಕ್ಕೆ ಮಾತ್ರ.

ಯಾಕೆ ಹೀಗೆ ಮಾಡಿದರು? ಕಾರಣ ಸರಳ. ಈ ಯೋಜನೆಯಲ್ಲಿ 10 ವರ್ಷ ಸೇವೆ ಆದರೆ ಮಾತ್ರ 58ರ ನಂತರ ಮಾಸಿಕ ಪೆನ್ಶನ್. ಜನ ಕೆಲಸ ಬದಲಿಸುವಾಗಲೆಲ್ಲ ಆ ಚಿಲ್ಲರೆ ಹಣವನ್ನೂ ತೆಗೆದುಬಿಡುತ್ತಾರೆ. ತೆಗೆದ ಕೂಡಲೇ ಸೇವೆ ಮತ್ತೆ ಸೊನ್ನೆಯಿಂದ ಶುರು. ಮೂರು ಕಡೆ ನಾಲ್ಕು ನಾಲ್ಕು ವರ್ಷ ದುಡಿದವನು 12 ವರ್ಷ ದುಡಿದೂ ಪೆನ್ಶನ್ ಇಲ್ಲದೆ ನಿಲ್ಲುತ್ತಾನೆ. ನಿಯಮದ ಉದ್ದೇಶ ಸರಿಯೇ ಇದೆ. ಅದನ್ನು ಜನರಿಗೆ ತಿಳಿಸಿದ ರೀತಿ ಮಾತ್ರ, ಬಿಡಿ, 'ನಿಮ್ಮ ದುಡ್ಡು ಮುಟ್ಟಬೇಡಿ' ಅಂದ ಹಾಗಿತ್ತು.

ಪೆನ್ಶನ್ ಲೋಕದಲ್ಲಿ ವರ್ಷವೇ ನಾಣ್ಯ

ಇಲ್ಲಿಂದ ಮುಂದಿನ ವಿಷಯಕ್ಕೆಲ್ಲ ಕೀಲಿ ಇದೇ. ಪಿಎಫ್‌ನಲ್ಲಿ ಎಷ್ಟು ದುಡ್ಡು ಇದೆ ಅನ್ನುವುದು ಮುಖ್ಯ. ಪೆನ್ಶನ್‌ನಲ್ಲಿ ಎಷ್ಟು ವರ್ಷ ಇದೆ ಅನ್ನುವುದು ಮುಖ್ಯ. ಭಾರತದಲ್ಲಿ 10 ವರ್ಷ ಬೇಕು. ಜರ್ಮನಿಯಲ್ಲಿ 5. ಜಪಾನ್‌ನಲ್ಲಿ 2017ರವರೆಗೆ 25 ಬೇಕಿತ್ತು, ಈಗ 10. ಬ್ರಿಟನ್‌ನಲ್ಲಿ 10. ಅಮೆರಿಕದಲ್ಲಿ 40 ಕ್ರೆಡಿಟ್, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುವುದರಿಂದ ಅದೂ ಹತ್ತೇ ವರ್ಷ.

ಊರೂರು ಸುತ್ತುವ ಕೆಲಸಗಾರನ ಕಷ್ಟ ಏನಂದರೆ, ಅವನ ವರ್ಷಗಳು ಹಂಚಿಹೋಗಿರುತ್ತವೆ. ಇಲ್ಲಿ ಆರು, ಅಲ್ಲಿ ನಾಲ್ಕು. ಎರಡು ಕಡೆಯೂ ಗೆರೆ ಮುಟ್ಟುವುದಿಲ್ಲ. ಇದಕ್ಕಾಗಿಯೇ ದೇಶಗಳು ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಳ್ಳುತ್ತವೆ. ಭಾರತದ ಮೊದಲ ಒಪ್ಪಂದ ಬೆಲ್ಜಿಯಂ ಜೊತೆ, 2009ರಲ್ಲಿ ಜಾರಿಗೆ ಬಂತು. ಜಪಾನ್ ಜೊತೆಗಿನದು 2016ರ ಅಕ್ಟೋಬರ್‌ನಲ್ಲಿ, ಜರ್ಮನಿ ಜೊತೆಗಿನ ಪೂರ್ಣ ಒಪ್ಪಂದ 2017ರ ಮೇನಲ್ಲಿ.

ಈ ಒಪ್ಪಂದಗಳು ಎರಡು ಕೆಲಸ ಮಾಡುತ್ತವೆ. ಒಂದು, ಪುಣೆಯ ಕಂಪನಿಯೇ ಡೆಪ್ಯುಟೇಶನ್ ಮೇಲೆ ಕಳಿಸಿದ್ದರೆ, ಇಪಿಎಫ್‌ಒ ಕೊಡುವ ಕವರೇಜ್ ಸರ್ಟಿಫಿಕೇಟ್ ತೋರಿಸಿ ಅಲ್ಲಿ ಕಟ್ಟುವುದನ್ನು ಕೆಲವು ವರ್ಷ ತಪ್ಪಿಸಿಕೊಳ್ಳಬಹುದು. ಇಲ್ಲಿ ಕಟ್ಟಿದರೆ ಸಾಕು. ಎರಡು, ಅಲ್ಲಿನ ಕಂಪನಿಯಲ್ಲೇ ನೇರ ಕೆಲಸ ಸಿಕ್ಕಿ ಅಲ್ಲೇ ಕಟ್ಟಿದ್ದರೆ, ಅರ್ಹತೆ ನೋಡುವಾಗ ಎರಡೂ ದೇಶದ ವರ್ಷಗಳನ್ನು ಕೂಡಿಸುತ್ತಾರೆ. ಕೂಡಿಸುವುದು ಅರ್ಹತೆಗೆ ಮಾತ್ರ. ದುಡ್ಡು ಆಯಾ ದೇಶ ತನ್ನಲ್ಲಿ ಕಟ್ಟಿದಷ್ಟಕ್ಕೇ ಕೊಡುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ

ಚಾಕಣ್‌ನಲ್ಲಿ ಆರು ವರ್ಷ ಟೂಲ್‌ರೂಮ್ ಕೆಲಸ ಮಾಡಿ, ಆಮೇಲೆ ಜರ್ಮನಿಯಲ್ಲಿ ನಾಲ್ಕು ವರ್ಷ ದುಡಿದು, ಅಪ್ಪ ಅಮ್ಮನ್ನ ನೋಡಿಕೊಳ್ಳಲು ವಾಪಸ್ ಬಂದ ಒಬ್ಬನನ್ನು ಊಹಿಸಿಕೊಳ್ಳಿ. ವಯಸ್ಸು 37. ಅವನ ಜರ್ಮನ್ ಸಂಬಳದ ಚೀಟಿಯಲ್ಲಿ 'ಆರ್‌ವಿ' ಅಂತ ಒಂದು ಸಾಲು ಇರುತ್ತಿತ್ತು. ಪಿಂಚಣಿ ವಿಮೆ ಅಂತ ಅದರ ಅರ್ಥ. ಸಂಬಳದ ಶೇ 9.3 ಅವನಿಂದ, ಅಷ್ಟೇ ಮಾಲೀಕನಿಂದ.

ಅವನ ಸಂಬಳ ಅಲ್ಲಿನ ಸರಾಸರಿಯಷ್ಟೇ, ಅಂದರೆ 2025ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 50,500 ಯೂರೋ ಇತ್ತು ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ ಅವನ ಪಾಲೇ ಸುಮಾರು 18,800 ಯೂರೋ. ಯೂರೋಗೆ 100 ರೂಪಾಯಿ ಹಿಡಿದರೂ 18.8 ಲಕ್ಷ. ಜರ್ಮನಿಯಲ್ಲಿ ಐದು ವರ್ಷಕ್ಕಿಂತ ಕಡಿಮೆ ಕಟ್ಟಿ, ಯುರೋಪ್ ಬಿಟ್ಟು ಬಂದು, 24 ತಿಂಗಳು ಕಳೆದಿದ್ದರೆ ಈ ಹಣವನ್ನು ರಿಫಂಡ್ ಕೇಳಬಹುದು. ಸಿಗುವುದು ತನ್ನ ಪಾಲು ಮಾತ್ರ, ಬಡ್ಡಿ ಇಲ್ಲದೆ. ಮಾಲೀಕ ಕಟ್ಟಿದ ಇನ್ನೊಂದು 18,800 ಯೂರೋ ಜರ್ಮನಿಯಲ್ಲೇ ಉಳಿಯುತ್ತದೆ. ಆ ನಾಲ್ಕು ವರ್ಷವೂ ಅಳಿಸಿಹೋಗುತ್ತದೆ.

ರಿಫಂಡ್ ತಗೊಳ್ಳದೆ ಬಿಟ್ಟರೆ? ಅಲ್ಲಿ ಪೆನ್ಶನ್ ಲೆಕ್ಕ ಪಾಯಿಂಟ್ ಮೇಲೆ. ಸರಾಸರಿ ಸಂಬಳದ ಮೇಲೆ ಒಂದು ವರ್ಷ ಕಟ್ಟಿದರೆ ಒಂದು ಪಾಯಿಂಟ್. 2025ರ ಜುಲೈಯಿಂದ ಒಂದು ಪಾಯಿಂಟ್‌ನ ಬೆಲೆ ತಿಂಗಳಿಗೆ 40.79 ಯೂರೋ. ನಾಲ್ಕು ಪಾಯಿಂಟ್‌ಗೆ ಆ ಬೆಲೆಯಲ್ಲಿ 163 ಯೂರೋ, ಸುಮಾರು 16,300 ರೂಪಾಯಿ, 67ನೇ ವಯಸ್ಸಿನಿಂದ ಬದುಕಿರುವಷ್ಟು ದಿನ. ಅಲ್ಲಿನ ಸಂಬಳ ಏರಿದಂತೆ ಈ ಬೆಲೆಯೂ ಏರುತ್ತದೆ. ಆದರೆ ಐದು ವರ್ಷದ ಗೆರೆ ದಾಟಬೇಕಲ್ವಾ? ನಾಲ್ಕೇ ಇರುವುದು. ಇಲ್ಲಿಯೇ ಚಾಕಣ್‌ನ ಆರು ವರ್ಷ ಕೈ ಹಿಡಿಯುವುದು. ಒಪ್ಪಂದದ ಪ್ರಕಾರ ಕೂಡಿಸಿದರೆ ಗೆರೆ ದಾಟಿತು.

ಈಗ ನಿಜವಾದ ಗುಂಡಿ ನೋಡಿ. ಜರ್ಮನಿಗೆ ಹೊರಡುವಾಗ 'ಇನ್ನೇನು ಬೇಕು ಇದು' ಅಂತ ಅವನು ಇಲ್ಲಿನ ಪೆನ್ಶನ್ ಹಣ ತೆಗೆದಿದ್ದರೆ ಕೈಗೆ ಸಿಗುತ್ತಿದ್ದದ್ದು ಸುಮಾರು 91,000 ರೂಪಾಯಿ. ಕಟ್ಟಿದ 90,000ಕ್ಕೆ ಹತ್ತಿರದ ಮೊತ್ತ, ಟಿಕೆಟ್ ಮತ್ತು ಚಳಿಗಾಲದ ಜಾಕೆಟ್‌ಗೆ ಆಗುವಷ್ಟು. ಆದರೆ ತೆಗೆದ ಮೇಲೆ ಆ ಆರು ವರ್ಷ ಭಾರತದ ಪೆನ್ಶನ್ ಲೆಕ್ಕದಲ್ಲಿ ಇಲ್ಲ. ಇಲ್ಲದ ವರ್ಷವನ್ನು ಜರ್ಮನಿಯ ನಾಲ್ಕಕ್ಕೆ ಕೂಡಿಸುವುದು ಹೇಗೆ? 91,000 ರೂಪಾಯಿ ಇಲ್ಲಿ ತೆಗೆದು, ತಿಂಗಳಿಗೆ 16,300 ಅಲ್ಲಿ ಕಳೆದುಕೊಂಡ ಹಾಗಾಯಿತು. ವಾಪಸ್ ಬಂದ ಮೇಲೆ ಪೆನ್ಶನ್ ಕಟ್ಟುವ ಕೆಲಸ ಮತ್ತೆ ಸಿಕ್ಕರೆ ಹೊಸ ವರ್ಷಗಳು ಕೂಡಬಹುದು. ಸ್ವಂತ ವರ್ಕ್‌ಶಾಪ್ ಹಾಕಿದರೆ ಅದೂ ಇಲ್ಲ.

36 ತಿಂಗಳ ನಿಯಮವನ್ನು ಬೈಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅವಸರದಲ್ಲಿ ಹೊರಡುವವನ ಕೈಯನ್ನು ಅದು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಹಾಗಂತ ರಿಫಂಡ್ ತಗೊಂಡವರೆಲ್ಲ ದಡ್ಡರಲ್ಲ. 18.8 ಲಕ್ಷವನ್ನು ಶೇ 7ರ ಬಡ್ಡಿಯಲ್ಲಿ 30 ವರ್ಷ ಮುಟ್ಟದೆ ಇಟ್ಟರೆ ತೆರಿಗೆ ಬಿಟ್ಟು ಏಳೂವರೆ ಪಟ್ಟು ಆಗುತ್ತದೆ, ಅಂದರೆ ಒಂದು ಕೋಟಿ ನಲವತ್ತು ಲಕ್ಷದ ಮೇಲೆ. ಪೆನ್ಶನ್ ಅದನ್ನು ಮೀರಬೇಕಾದರೆ ಆತ ಚೆನ್ನಾಗಿ ವಯಸ್ಸಾಗುವವರೆಗೂ ಬದುಕಬೇಕು. ಪ್ರಶ್ನೆ ಇರುವುದು 'ಮುಟ್ಟದೆ' ಅನ್ನುವ ಒಂದು ಪದದಲ್ಲಿ. ಆ ದುಡ್ಡು ಊರಲ್ಲಿ ಸೈಟಿಗೋ, ತಂಗಿ ಮದುವೆಗೋ, ವಾಕಡ್‌ನ ಫ್ಲ್ಯಾಟ್‌ನ ಮುಂಗಡಕ್ಕೋ ಹೋಗುವುದಾದರೆ 67ರಲ್ಲಿ ಅದು ಇರುವುದಿಲ್ಲ. ಇನ್ನೊಂದು: ಇವತ್ತು ತಗೊಳ್ಳದವನು ಮುಂದೆ ಕೇಳಬಹುದು. ತಗೊಂಡವನು ವಾಪಸ್ ಕಟ್ಟುತ್ತೇನೆ ಅಂದರೆ ಕೇಳುವವರಿಲ್ಲ.

ಜಪಾನ್ ಗಡಿಯಾರ ತಿರುಗುವುದು ಇನ್ನೊಂದು ಕಡೆಗೆ

ಜರ್ಮನಿ ಹೇಳುವುದು ಎರಡು ವರ್ಷ ಆಗುವವರೆಗೆ ಕೇಳಬೇಡ ಅಂತ. ಜಪಾನ್ ಹೇಳುವುದು ಎರಡು ವರ್ಷದ ಒಳಗೇ ಕೇಳು, ಆಮೇಲೆ ಬರಬೇಡ ಅಂತ. ಎರಡು ದೇಶದ ಅನುಭವ ಒಂದೇ ಗ್ರೂಪ್‌ನಲ್ಲಿ ಹಂಚಿಕೊಳ್ಳುವಾಗ ಇದೇ ತಲೆಕೆಳಗಾಗುವುದು.

ಜಪಾನ್‌ನಲ್ಲಿ ನೌಕರರ ಪಿಂಚಣಿಗೆ ಶೇ 18.3, ಇಬ್ಬರೂ ಅರ್ಧ ಅರ್ಧ. ಕನಿಷ್ಠ ಆರು ತಿಂಗಳು ಕಟ್ಟಿ ದೇಶ ಬಿಟ್ಟ ವಿದೇಶಿಯರಿಗೆ ಒಂದು ಇಡಿಗಂಟು ಕೊಡುತ್ತಾರೆ. ಅದನ್ನು ಹೆಚ್ಚೆಂದರೆ 60 ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಏಳು ವರ್ಷ ಕಟ್ಟಿದ್ದರೂ ಐದಕ್ಕೇ ದುಡ್ಡು, ಆದರೆ ಅಳಿಸುವುದು ಮಾತ್ರ ಏಳೂ ವರ್ಷ. ಈ ಮಿತಿಯನ್ನು ಎಂಟು ವರ್ಷಕ್ಕೆ ಏರಿಸಲು 2025ರಲ್ಲಿ ಅಲ್ಲಿ ಕಾನೂನು ಆಗಿದೆ. ಮೂರು ವರ್ಷ, ತಿಂಗಳಿಗೆ ಸರಾಸರಿ 2.5 ಲಕ್ಷ ಯೆನ್ ಸಂಬಳ ಇದ್ದವನಿಗೆ ಸುಮಾರು 8.25 ಲಕ್ಷ ಯೆನ್ ಬರುತ್ತದೆ. ಅದರಲ್ಲಿ ಶೇ 20.42 ತೆರಿಗೆ ಹಿಡಿದೇ ಕಳಿಸುತ್ತಾರೆ. ಆ ತೆರಿಗೆ ವಾಪಸ್ ಬೇಕಾದರೆ ಜಪಾನ್‌ನಲ್ಲೇ ಇರುವ ಒಬ್ಬರನ್ನು ತೆರಿಗೆ ಪ್ರತಿನಿಧಿ ಅಂತ ನೇಮಿಸಿರಬೇಕು. ವಿಮಾನ ಹತ್ತಿದ ಮೇಲೆ ನೆನಪಾದರೆ ಓಡಾಟ ಜಾಸ್ತಿ.

ಭಾರತ–ಜಪಾನ್ ಒಪ್ಪಂದದಲ್ಲೂ ವರ್ಷ ಕೂಡಿಸಬಹುದು. ಇಡಿಗಂಟು ತಗೊಂಡರೆ ಕೂಡಿಸಲು ಏನೂ ಉಳಿಯುವುದಿಲ್ಲ. ಕಥೆ ಅದೇ.

ಬ್ರಿಟನ್, ಅಮೆರಿಕ, ಗಲ್ಫ್

2025ರಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗ 'ಇನ್ನು ಬ್ರಿಟನ್ ಪೆನ್ಶನ್ ನಮಗೂ' ಅಂತ ಸುಮ್ನೆ ಒಂದು ಗಾಳಿಮಾತು ಹಬ್ಬಿತು. ನಿಜ ಅದಕ್ಕೆ ಉಲ್ಟಾ. ಆಗ ಘೋಷಿಸಿದ್ದು, ಕಂಪನಿ ತಾತ್ಕಾಲಿಕವಾಗಿ ಕಳಿಸಿದವರು ಮೂರು ವರ್ಷದವರೆಗೆ ಅಲ್ಲಿನ ರಾಷ್ಟ್ರೀಯ ವಿಮೆಗೆ, ಅಂದರೆ ಅಲ್ಲಿನ ಪೆನ್ಶನ್‌ಗೆ ವರ್ಷ ಸೇರಿಸುವ ವಂತಿಗೆಗೆ, ಕಟ್ಟಬೇಕಾಗಿಲ್ಲ ಅಂತ. ಕಟ್ಟದವನಿಗೆ ಅಲ್ಲಿ ವರ್ಷವೂ ಸೇರುವುದಿಲ್ಲ. ಅಲ್ಲಿನ ವಿರೋಧ ಪಕ್ಷ ಇದನ್ನು ಭಾರತೀಯರಿಗೆ ಕೊಟ್ಟ ತೆರಿಗೆ ರಿಯಾಯಿತಿ ಅಂತ ಟೀಕಿಸಿತು. ಇಲ್ಲಿನ ಸರ್ಕಾರ ಕಂಪನಿಗಳಿಗೆ ಉಳಿತಾಯ ಅಂತ ಹೊಗಳಿಕೊಂಡಿತು. ನೌಕರನ ಪೆನ್ಶನ್ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಹತ್ತು ವರ್ಷ ಪೂರೈಸಿ ಭಾರತಕ್ಕೆ ಮರಳಿದವರಿಗೆ ಬ್ರಿಟನ್ ಪೆನ್ಶನ್ ಕಳಿಸುತ್ತದೆ ನಿಜ. ಆದರೆ ಶುರುವಾದ ಮೊತ್ತ ಅಲ್ಲಿಗೇ ನಿಲ್ಲುತ್ತದೆ, ವರ್ಷ ವರ್ಷದ ಏರಿಕೆ ಭಾರತದಲ್ಲಿರುವವರಿಗೆ ಇಲ್ಲ. ಪೋರ್ಚುಗೀಸ್ ಪಾಸ್‌ಪೋರ್ಟ್ ಮೇಲೆ ಬ್ರಿಟನ್‌ಗೆ ಹೋಗಿ ದುಡಿದ ಗೋವಾದವರಿಗೂ ಊರಿಗೆ ಬಂದು ನೆಲೆಸಿದರೆ ಇದೇ ನಿಯಮ.

ಅಮೆರಿಕದ್ದು ದೊಡ್ಡ ನೋವು. ಅಲ್ಲಿ ಕೆಲಸಕ್ಕೆ ಕೊಡುವ ಎಚ್1ಬಿ ವೀಸಾ ಸಾಮಾನ್ಯವಾಗಿ ಆರು ವರ್ಷ. ಪೆನ್ಶನ್‌ಗೆ ಹತ್ತು ವರ್ಷ ಬೇಕು. ಸಂಬಳದ ಶೇ 6.2 ಕಟ್ಟುತ್ತಲೇ ಇರಬೇಕು, ಮಾಲೀಕನೂ ಅಷ್ಟೇ. ಒಪ್ಪಂದ ಇಲ್ಲ, ಹಾಗಾಗಿ ಕೂಡಿಸುವಂತಿಲ್ಲ. ರಿಫಂಡ್ ಕೂಡ ಇಲ್ಲ. ಭಾರತ ವರ್ಷಗಳಿಂದ ಕೇಳುತ್ತಿದೆ. ಅಮೆರಿಕದ ವಾದ, ನಿಮ್ಮ ಸಾಮಾಜಿಕ ಭದ್ರತೆ ದುಡಿಯುವ ಎಲ್ಲರನ್ನೂ ಮುಟ್ಟುವುದಿಲ್ಲ, ನಮ್ಮದಕ್ಕೆ ಸಮ ಅಲ್ಲ ಅಂತ. ಭಾರತದ ವಾದ, ಕೊಟ್ಟವನಿಗೆ ಏನೂ ಸಿಗದಿದ್ದರೆ ಅದು ವಿಮೆ ಅಲ್ಲ, ತೆರಿಗೆ ಅಂತ. ಎರಡರಲ್ಲೂ ಸತ್ಯ ಇದೆ. 15,000ದ ಮಿತಿ ಇಟ್ಟುಕೊಂಡು, ಕನಿಷ್ಠ ಪೆನ್ಶನ್ 1,000 ರೂಪಾಯಿ ಅಂತ 2014ರಲ್ಲಿ ನಿಲ್ಲಿಸಿದ ಯೋಜನೆಯನ್ನು ಮುಂದಿಟ್ಟು ಸಮಾನತೆ ಕೇಳುವುದು ಕಷ್ಟವೇ.

ಗಲ್ಫ್‌ಗೆ ಹೋಗುವ ಮುಂಬೈ, ಕರಾವಳಿಯವರಿಗೆ ಈ ತಲೆನೋವು ಬೇರೆ ರೀತಿ. ಅಲ್ಲಿನ ಸರ್ಕಾರಿ ಪೆನ್ಶನ್ ಆಯಾ ದೇಶದ ಪ್ರಜೆಗಳಿಗೆ. ಹೊರಗಿನವರಿಗೆ ಸೇವೆ ಮುಗಿದಾಗ ಗ್ರಾಚ್ಯುಟಿ. ಯುಎಇಯಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ 30 ದಿನದ್ದು. 20 ವರ್ಷ ದುಡಿದರೂ ಕೈಗೆ ಒಂದು ಗಂಟು, ಅಷ್ಟೇ.

ಈ ದುಡ್ಡು ಯಾರದು?

ಜಗಳದ ಮೂಲ ಇಲ್ಲಿದೆ. ಕೆಲಸಗಾರ ಹೇಳುತ್ತಾನೆ: ನನ್ನ ಸಂಬಳದಿಂದ ಹಿಡಿದದ್ದು, ಹೋಗುವಾಗ ಕೊಡಿ. ಸರ್ಕಾರ ಹೇಳುತ್ತದೆ: ಇದು ಹುಂಡಿ ಅಲ್ಲ, ವಿಮೆ. ನೀನು ಸತ್ತಿದ್ದರೆ ಹೆಂಡತಿ ಮಕ್ಕಳಿಗೆ ಕೊಡುತ್ತಿದ್ದೆವು. ಈ ಮಾತು ಸುಳ್ಳಲ್ಲ. ನಮ್ಮ 1995ರ ಯೋಜನೆಯಲ್ಲಿ ಕೆಲಸದಲ್ಲಿದ್ದು ಒಂದು ತಿಂಗಳು ಕಟ್ಟಿ ತೀರಿಕೊಂಡವನ ಹೆಂಡತಿಗೂ ಪೆನ್ಶನ್ ಇದೆ. ಕಂಪನಿ ಹೇಳುವುದು ಮೂರನೆಯದು: ಎರಡು ಕಡೆ ಕಟ್ಟಿಸಬೇಡಿ, ಖರ್ಚು ಜಾಸ್ತಿ.

ಇದೇ ಮಾತು ತಿರುಗಿ ನಮ್ಮ ಮೇಲೂ ಬರುತ್ತದೆ. ಭಾರತದಲ್ಲಿ ಕೆಲಸ ಮಾಡುವ ವಿದೇಶಿಯರಿಗೆ 2008ರಿಂದ ಬೇರೆ ನಿಯಮ ಇದೆ. ಅವರು ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟಬೇಕು. ಒಪ್ಪಂದ ಇಲ್ಲದ ದೇಶದವರಾದರೆ 58 ಆಗುವವರೆಗೆ ಸಾಮಾನ್ಯವಾಗಿ ತೆಗೆಯುವಂತಿಲ್ಲ. ಇದು ತಾರತಮ್ಯ ಅಂತ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಆ ನಿಯಮವನ್ನು ರದ್ದು ಮಾಡಿತು. ದೆಹಲಿ ಹೈಕೋರ್ಟ್ 2025ರ ನವೆಂಬರ್‌ನಲ್ಲಿ ಅದೇ ನಿಯಮ ಸರಿ ಅಂದಿತು. ಎರಡು ಹೈಕೋರ್ಟ್ ಎರಡು ದಿಕ್ಕು ನೋಡುತ್ತಿರುವಾಗ ಪುಣೆಯ ಕಂಪನಿಗಳ ಎಚ್‌ಆರ್‌ಗಳು ಸುಮ್ಮನೆ ಕಟ್ಟಿಕೊಂಡು ಹೋಗುವುದೇ ಕ್ಷೇಮ ಅಂದುಕೊಂಡರೆ ಆಶ್ಚರ್ಯವಿಲ್ಲ.

10ಸಿ ಫಾರ್ಮ್‌ನ ಎರಡು ದಾರಿ

ಹೊರಡುವವರಿಗೆ ಒಂದು ಕೆಲಸದ ಮಾತು. ಹತ್ತು ವರ್ಷ ಆಗದವರು ಪೆನ್ಶನ್‌ಗೆ ತುಂಬುವ ಫಾರ್ಮ್ 10ಸಿ. ಅದರಲ್ಲಿ ಹಣ ಹಿಂಪಡೆಯುವುದು ಮಾತ್ರ ಅಲ್ಲ, ಸ್ಕೀಮ್ ಸರ್ಟಿಫಿಕೇಟ್ ಅಂತ ಇನ್ನೊಂದು ದಾರಿಯೂ ಇದೆ. ಅದನ್ನು ಕೇಳಿದರೆ ದುಡ್ಡು ಬರುವುದಿಲ್ಲ. ಎಷ್ಟು ವರ್ಷ ಕಟ್ಟಿದ್ದೀರಿ ಅಂತ ಬರೆದ ಒಂದು ಪತ್ರ ಬರುತ್ತದೆ. ಆ ವರ್ಷ ಸಾಯುವುದಿಲ್ಲ. ಸರ್ಟಿಫಿಕೇಟ್ ಇಟ್ಟುಕೊಂಡವನು 58ಕ್ಕೆ ಮೊದಲೇ ತೀರಿಕೊಂಡರೆ ಮನೆಯವರಿಗೆ ಪೆನ್ಶನ್ ಹಕ್ಕೂ ಉಳಿಯುತ್ತದೆ. ಆಕುರ್ಡಿಗೋ ಗೋಳಿಬಾರ್ ಮೈದಾನದ ಹತ್ತಿರದ ಪಿಎಫ್ ಕಚೇರಿಗೋ ಹೋಗುವ ಮೊದಲು ಪಾಸ್‌ಬುಕ್‌ನ ಮೂರನೇ ಕಾಲಂ ನೋಡಿಕೊಳ್ಳಿ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚಿನ ಮೂಲ ವೇತನದಲ್ಲಿ ಮೊದಲ ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಸೊನ್ನೆ ಇರುತ್ತದೆ. ಹಿಂಜವಡಿಯ ಎಷ್ಟೋ ಐಟಿ ಹುಡುಗರದ್ದು ಇದೇ ಸ್ಥಿತಿ. ಅವರು ಪೆನ್ಶನ್ ಯೋಜನೆಯ ಸದಸ್ಯರೇ ಅಲ್ಲ, 36 ತಿಂಗಳಿನ ಚಿಂತೆ ಅವರಿಗೆ ಬೇಕಿಲ್ಲ. ಜರ್ಮನಿಗೆ ಕೂಡಿಸಿ ತೋರಿಸಲು ಪೆನ್ಶನ್ ವರ್ಷವೂ ಅವರ ಬಳಿ ಇಲ್ಲ.

ನಮ್ಮದೇ ಅಡುಗೆಮನೆಯಲ್ಲಿ

ಇನ್ನೊಬ್ಬ ವಲಸಿಗ ಇದ್ದಾನೆ, ಈ ಚರ್ಚೆಯಲ್ಲಿ ಅವನ ಹೆಸರು ಬರುವುದಿಲ್ಲ. ಮುಂಬೈ, ಪುಣೆ, ಗೋವಾದಲ್ಲಿ ಕರಾವಳಿಯವರು ನಡೆಸುವ ಹೋಟೆಲುಗಳ ಅಡುಗೆಮನೆಯಲ್ಲಿ ಒಂದು ಕಾಲಕ್ಕೆ ಊರಿನ ಹುಡುಗರೇ ಇರುತ್ತಿದ್ದರು. ಈಗ ತವೆಯ ಮುಂದೆ ದೋಸೆ ತಿರುವಿಹಾಕುವವನು ಎಷ್ಟೋ ಕಡೆ ನೇಪಾಳದವನು. ಕಾನೂನು ಅವನನ್ನು ವಿದೇಶಿ ನೌಕರ ಅಂತ ಎಣಿಸುವುದಿಲ್ಲ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಪಿಎಫ್ ವಿಷಯದಲ್ಲಿ ಅವನು ಭಾರತೀಯನಿಗೆ ಸಮ. 20 ಅಥವಾ ಹೆಚ್ಚು ಜನ ದುಡಿಯುವ ಹೋಟೆಲಾದರೆ ಅವನ ಹೆಸರಲ್ಲೂ ಪಿಎಫ್ ಕಟ್ಟಬೇಕು, ಮೂರನೇ ಕಾಲಂನಲ್ಲೂ ಬೀಳಬೇಕು.

ಅವನು ಏಳು ವರ್ಷ ದುಡಿದು ಊರಿಗೆ ಹೋದ ಅಂದುಕೊಳ್ಳಿ. ನೇಪಾಳದಲ್ಲೂ 2018ರಲ್ಲಿ ವಂತಿಗೆ ಕಟ್ಟುವ ಸಾಮಾಜಿಕ ಭದ್ರತಾ ಯೋಜನೆ ಶುರುವಾಗಿದೆ. ನೌಕರ ಶೇ 11, ಮಾಲೀಕ ಶೇ 20. ಆದರೆ ಭಾರತ ಜರ್ಮನಿಯ ಜೊತೆ, ಜಪಾನ್‌ನ ಜೊತೆ ಮಾಡಿಕೊಂಡಂಥ ವರ್ಷ ಕೂಡಿಸುವ ಒಪ್ಪಂದ ನೇಪಾಳದ ಜೊತೆ ಇಲ್ಲ. ಮುಂಬೈಯ ಏಳು ವರ್ಷ ಮುಂಬೈಯಲ್ಲೇ ನಿಲ್ಲುತ್ತದೆ. ಹತ್ತು ಆಗಿಲ್ಲ, ಪೆನ್ಶನ್ ಇಲ್ಲ. ಹೊಸ ನಿಯಮದ ಪ್ರಕಾರ ಆ ಹಣ ತೆಗೆಯಲು 36 ತಿಂಗಳು ಕಾಯಬೇಕು. ಅಷ್ಟು ಹೊತ್ತಿಗೆ ಅವನ ಇಲ್ಲಿನ ಸಿಮ್ ಬಂದ್ ಆಗಿರುತ್ತದೆ, ಒಟಿಪಿ ಬರುವುದು ಆ ನಂಬರಿಗೇ.